ದೊಡ್ಡಪ್ಪ ಮೇಜು ಗುದ್ದಿದ್ದರು

ಕಳೆದ ವಾರ ವಾಲ್ನಟ್ ಕ್ರೀಕ್‌ನ ಒಂದು ಅಪಾರ್ಟ್‌ಮೆಂಟಿನ ಬಾಗಿಲು ತೆರೆದಾಗ ನೀಲಗಿರಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಬಚ್ಚಲಲ್ಲಿ ಜಾರಿಬಿದ್ದು ಸೊಂಟ ನೋಯಿಸಿಕೊಂಡಿದ್ದ ಒಬ್ಬ ಚೀನೀ ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯಲು ಹೋಗಿದ್ದೆವು, ಅಷ್ಟೇ. ನೋವಿಗೆಂದು ಆಕೆ ಆ ಎಣ್ಣೆಯನ್ನು ಧಾರಾಳವಾಗಿ ಸವರಿಕೊಂಡಿದ್ದರು. ನಾನು ಎಂದಿನಂತೆ ಮಂಡಿಯೂರಿ ಕೂತು ನಾಡಿ ಹಿಡಿದೆ, ಎಲ್ಲಿ ನೋವು, ತಲೆಗೆ ಪೆಟ್ಟಾಯಿತಾ ಎಂದು ಕೇಳಿದೆ. ಕೈ ತನ್ನ ಕೆಲಸ ಮಾಡುತ್ತಲೇ ಇತ್ತು. ಒಳಗೆ ಮಾತ್ರ ಏನೋ ಕುದಿಯಲು ಶುರುವಾಗಿತ್ತು. ಅಜ್ಜಿಯನ್ನು ಆಸ್ಪತ್ರೆಗೆ ಒಪ್ಪಿಸಿ ಬಂದವಳು ಆ್ಯಂಬುಲೆನ್ಸಿನ ಹಿಂಬಾಗಿಲನ್ನು ಎಷ್ಟು ಜೋರಾಗಿ ಬಡಿದೆನೆಂದರೆ, ಮುಂದೆ ಕೂತಿದ್ದ ನನ್ನ ಜೊತೆಗಾತಿ ಗಾಬರಿಯಿಂದ ಇಳಿದು ಬಂದಳು. ಏನೂ ಇಲ್ಲ ಎಂದೆ.

ಹೋದವರ ನೆನಪಾದರೆ ಕಣ್ಣು ತುಂಬಿ ಬರುತ್ತದೆ ಎನ್ನುತ್ತಾರೆ ಜನ. ನನಗೆ ದೊಡ್ಡಪ್ಪನ ನೆನಪಾದರೆ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದ ಮೇಲೂ.

ದೊಡ್ಡಪ್ಪ ಎಂದರೆ ನನ್ನ ರಕ್ತಸಂಬಂಧಿಯೇನಲ್ಲ. ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವನ ತಂದೆ. ಮಂಡ್ಯದ ಕಡೆಯವರು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗ ಇಲ್ಲಿಗೆ ಕರೆಸಿಕೊಂಡಿದ್ದ. ಮೊದಲ ಸಲ ಬೇಲಿಯ ಆಚೆಯಿಂದ ಮಾತಾಡಿಸಿದಾಗ ನಾನು ಅಭ್ಯಾಸಬಲದಿಂದ ಅಂಕಲ್ ಎಂದೆ.

"ಅಂಕಲ್ಲು ಗಿಂಕಲ್ಲು ಅನ್ಬ್ಯಾಡ ಕಣವ್ವ. ದೊಡ್ಡಪ್ಪ ಅನ್ನು. ಕರುದ್ರೆ ಓಗೊಡನಾ ಅನ್ನುಸ್ತದೆ."

ಅವತ್ತಿನಿಂದ ದೊಡ್ಡಪ್ಪ. ಬೆಳಗ್ಗೆ ಎದ್ದು ನಮ್ಮ ಮನೆಗಳ ಹಿಂದಿನ ಗುಡ್ಡದ ದಾರಿಯಲ್ಲಿ ನಡೆದು ಬರುತ್ತಿದ್ದರು. ಅಲ್ಲಿ ಸಾಲಾಗಿ ನಿಂತ ನೀಲಗಿರಿ ಮರಗಳ ಎಲೆಗಳನ್ನು ಕಿತ್ತು, ಅಂಗೈಯಲ್ಲಿ ತಿಕ್ಕಿ ಮೂಸುತ್ತಾ ಬರುತ್ತಿದ್ದರು. ಸಾಲದೆಂಬಂತೆ ಊರಿಂದ ತಂದ ಎಣ್ಣೆಯ ಸೀಸೆ ಬೇರೆ ಜೇಬಿನಲ್ಲಿ. ಅವರು ಬಂದು ಹೋದ ಮೇಲೂ ನಮ್ಮ ಹಾಲ್‌ನಲ್ಲಿ ಆ ವಾಸನೆ ಸುಮಾರು ಹೊತ್ತು ಇರುತ್ತಿತ್ತು...

ಆಗ ನಾನು ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಮೆಡಿಕ್ ಆಗಲು ಓದುತ್ತಿದ್ದೆ. ಅದಕ್ಕೆ ಮುಂಚೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಒಂದು ಬೆಳಗ್ಗೆ ಲ್ಯಾಪ್‌ಟಾಪ್ ತೆರೆದರೆ ಅದು ನನ್ನನ್ನು ಒಳಗೇ ಬಿಡಲಿಲ್ಲ. ಕೆಲಸ ಹೋಗಿದೆ ಎಂದು ತಿಳಿದದ್ದೇ ಹಾಗೆ. ಮತ್ತೆ ಇಂಟರ್‌ವ್ಯೂಗಳಿಗೆ ಓದಿಕೊಂಡು ಕೂರುವ ಮನಸ್ಸು ಬರಲಿಲ್ಲ. ಮೊದಲು ಪ್ರಥಮ ಚಿಕಿತ್ಸೆಯ ಒಂದು ಸಣ್ಣ ಕೋರ್ಸು ಮಾಡಿದೆ. ಅದರಲ್ಲಿ ನನಗೆ ಸಿಕ್ಕ ಖುಷಿ ಹತ್ತು ಹನ್ನೆರಡು ವರ್ಷ ಕೀಬೋರ್ಡಿನ ಮುಂದೆ ಸಿಕ್ಕಿರಲಿಲ್ಲ. ಕುಸಿದು ಬಿದ್ದವರ ಬಳಿ ಮೊದಲು ಹೋಗಿ ನಿಲ್ಲುವುದು, ಆಸ್ಪತ್ರೆ ಮುಟ್ಟುವವರೆಗೆ ಜೀವವನ್ನು ಹಿಡಿದಿಡುವುದು — ಅದು ನನಗೆ ಬೇಕೆನಿಸಿತು. ನಲವತ್ತರ ಹತ್ತಿರದ ಹೆಂಗಸು, ಇಪ್ಪತ್ತು ದಾಟಿದ ಮಕ್ಕಳ ಪಕ್ಕ ಕೂತು ಹೃದಯದ ಗೆರೆಗಳನ್ನು ಓದಲು ಕಲಿಯತೊಡಗಿದೆ.

ಮನೆಗೊಂದು ಅಡುಗೆ ತಂದು ಉಣ್ಣುವ ನಮ್ಮವರ ಪಾಟ್‌ಲಕ್‌ಗಳಲ್ಲಿ ಇದೊಂದು ತಮಾಷೆಯ ವಿಷಯವಾಗಿತ್ತು. "ಆ್ಯಂಬುಲೆನ್ಸ್ ಓಡ್ಸೋದಕ್ಕೂ ಕಾಲೇಜಿದ್ಯಾ?" ಎಂದು ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ಕೇಳಿದವರಿದ್ದಾರೆ. "ಮೆಡಿಕಲ್ ಕೋಡಿಂಗ್ ಮಾಡ್ಬಹುದಿತ್ತಲ್ಲ, ಮನೇಲೇ ಕೂತು" ಎಂದವರಿದ್ದಾರೆ. ನನ್ನ ಗಂಡ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಯಾರಾದರೂ ನಾನೇನು ಮಾಡುತ್ತೇನೆಂದು ಕೇಳಿದರೆ 'ಹೆಲ್ತ್‌ಕೇರ್ ಫೀಲ್ಡು' ಎಂದು ಹೇಳಿ ಬೇಗ ಮಾತು ತಿರುಗಿಸುತ್ತಿದ್ದರು.

ಕೋರ್ಸಿಗೆ ಅಭ್ಯಾಸ ಮಾಡಲು ಮೈ ಬೇಕು. ನಿಜವಾದ ಮನುಷ್ಯರ ಮೈ. ಗಂಡ ಎರಡು ದಿನ ತೋಳು ಕೊಟ್ಟು ಮೂರನೇ ದಿನದಿಂದ ಮೀಟಿಂಗಿನಲ್ಲಿ ತಲೆಮರೆಸಿಕೊಂಡರು. ಮಗಳು ಕೇಳಿದ ಕೂಡಲೇ "ಅಮ್ಮಾ, ನೋ" ಎಂದಳು. ಒಂದು ಸಂಜೆ ಮುಂದಿನ ಮೆಟ್ಟಿಲ ಮೇಲೆ ಕೂತು ನನ್ನ ತೋಳಿಗೆ ನಾನೇ ಬಿ.ಪಿ. ಪಟ್ಟಿ ಸುತ್ತಿಕೊಳ್ಳಲು ಹೆಣಗುತ್ತಿದ್ದಾಗ ದೊಡ್ಡಪ್ಪ ನೋಡಿದರು.

"ಅದೇನವ್ವ ಅದು, ನಿನ್ ಕೈ ನೀನೇ ಕಟ್ಕತಿದ್ದೀಯ?"

ಹೇಳಿದೆ. ಅವರು ಶರಟಿನ ತೋಳು ಮಡಚಿಕೊಂಡೇ ಬೇಲಿ ಸುತ್ತಿ ಬಂದರು.

ನನಗೆ ಬೇಕಿದ್ದದ್ದು ಒಂದು ತೋಳು. ಸಿಕ್ಕಿದ್ದು ಒಬ್ಬ ನಟ. ಊರಿನಲ್ಲಿ ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡಿದವರಂತೆ ದೊಡ್ಡಪ್ಪ. ಬಸ್ಸಿನ ಡ್ಯೂಟಿ ಮುಗಿಸಿ ರಾತ್ರಿಯೆಲ್ಲ ಬಣ್ಣ ಹಚ್ಚಿ, ಮತ್ತೆ ಬೆಳಗ್ಗೆ ಡ್ಯೂಟಿಗೆ ಹೋಗುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಅವರಿಗೆ ಪ್ರೇಕ್ಷಕರೇ ಇರಲಿಲ್ಲ. ಮಗ ಸೊಸೆ ಆಫೀಸು, ಮೊಮ್ಮಗ ಡೇಕೇರು. ನನ್ನ ಪಠ್ಯಪುಸ್ತಕ ಅವರಿಗೆ ಹೊಸ ನಾಟಕ ಕಂಪನಿಯಾಯಿತು.

"ಬಾರವ್ವ. ಇವತ್ತು ಯಾವ ಕಾಯ್ಲೆ?"

ನಾನು ಲಕ್ಷಣಗಳನ್ನು ಹೇಳಿಕೊಡುತ್ತಿದ್ದೆ, ಅವರು ಸೋಫಾದ ಮೇಲೆ ಮಲಗಿ ರೋಗಿಯಾಗುತ್ತಿದ್ದರು. ಅವರದು ವಿಪರೀತ ಅಭಿನಯ. ಹೃದಯಾಘಾತವೆಂದರೆ ಎದೆ ಹಿಡಿದು, ಎರಡು ಸುತ್ತು ತಿರುಗಿ, ದೊಡ್ಡ ದನಿಯಲ್ಲಿ ನಾಟಕದ ಮಾತು ಹೊಡೆದು ಬೀಳುವುದು. ಒಂದು ಸಲ ನಮ್ಮ ಮುಂದಿನ ಹುಲ್ಲಿನ ಮೇಲೆ ಹಾಗೆ ಬಿದ್ದು, ಎದುರು ಮನೆಯ ವಿಯೆಟ್ನಾಮಿ ಹೆಂಗಸು ಫೋನ್ ಕೈಗೆತ್ತಿಕೊಂಡು ಓಡಿ ಬಂದಿದ್ದಳು. ಆಕೆಗೆ ನಿಜ ಹೇಳಿ ಕ್ಷಮೆ ಕೇಳುವಷ್ಟರಲ್ಲಿ ನನಗೆ ಸಾಕಾಯಿತು. ದೊಡ್ಡಪ್ಪ ಹುಲ್ಲಿನ ಮೇಲೆ ಮಲಗಿದ್ದಲ್ಲಿಂದಲೇ ಆಕೆಗೆ ಕೈಮುಗಿದರು. ಇನ್ನು, ಏನೇ ಪಾರ್ಟು ಕೊಟ್ಟರೂ ಕೊನೆಗೆ ಸಾಯುತ್ತಿದ್ದರು.

"ಸಾಯ್ಬೇಡಿ ದೊಡ್ಡಪ್ಪ, ನೀವು ಸತ್ರೆ ನಾನು ಫೇಲು."

"ಸಾಯ್ದೆ ಇದ್ರೆ ಪಾರ್ಟಿಗೆ ತೂಕ ಎಲ್ಲಿಂದ ಬತ್ತದವ್ವ?"

ಅವರಿಗೆ ಸ್ವಲ್ಪವೂ ಹಿಡಿಸದ ಪಾರ್ಟೆಂದರೆ ಪಾರ್ಶ್ವವಾಯು. ಲಕ್ವ. ಅದರ ಪರೀಕ್ಷೆ ತುಂಬ ಸುಲಭ. ನಗು ಎಂದು ಹೇಳಿ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ ನೋಡಬೇಕು. ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ ಒಂದು ಕೈ ಕೆಳಗಿಳಿಯುತ್ತದೆಯೇ ನೋಡಬೇಕು. ಒಂದು ವಾಕ್ಯ ಹೇಳಿಸಿ ನಾಲಿಗೆ ತೊದಲುತ್ತದೆಯೇ ಕೇಳಬೇಕು. ವಾಕ್ಯಕ್ಕೆ ಬದಲು ಅವರು ತಮ್ಮ ಬಸ್ಸಿನ ಹಾದಿ ಹೇಳುತ್ತಿದ್ದರು: "ಚನ್ನಪಟ್ನ, ಮದ್ದೂರು, ಮಂಡ್ಯ, ಶ್ರೀರಂಗಪಟ್ನ, ಮೈಸೂರೂ..." ಆದರೆ ಅದರಲ್ಲಿ ಬೀಳುವುದಿಲ್ಲ, ಒದ್ದಾಡುವುದಿಲ್ಲ, ಮಾತು ಹೊಡೆಯುವುದಿಲ್ಲ. "ಇದೇನವ್ವ ಪಾರ್ಟು, ಬರೀ ಕೈ ಇಳ್ಸದು" ಎಂದು ಗೊಣಗುತ್ತಾ ಬಲಗೈಯನ್ನು ಕಲ್ಲಿನಂತೆ ದಪ್ಪನೆ ಕೆಡವುತ್ತಿದ್ದರು. ಹಾಗಲ್ಲ ದೊಡ್ಡಪ್ಪ, ನಿಧಾನಕ್ಕೆ, ರೋಗಿಗೇ ಗೊತ್ತಾಗದ ಹಾಗೆ ಇಳಿಯಬೇಕು ಎಂದು ನಾನು ಎಷ್ಟು ಸಲ ಹೇಳಿದರೂ ಅವರಿಗೆ ಬರಲಿಲ್ಲ. ಸಂಜೆ ಸೊಸೆ ಆಫೀಸಿನಿಂದ ಬಂದವಳು ನಮ್ಮ ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದಳು. ಮಗ ಒಂದೆರಡು ಸಲ ಬಂದು ನೋಡಿದ. ವಾರಾಂತ್ಯಗಳಲ್ಲಿ ದೊಡ್ಡಪ್ಪ ಮನೆಯಲ್ಲಿ ಅವರ ಮುಂದೆಯೂ ಆಡಿ ತೋರಿಸುತ್ತಿದ್ದರಂತೆ. ನಾನು ಅವರಿಬ್ಬರಿಗೂ ಹೇಳಿದ್ದೆ, ಇದು ನೀವೂ ತಿಳಿದುಕೊಳ್ಳಬೇಕಾದ್ದೇ, ಇಂಥದ್ದು ಕಂಡರೆ ಒಂದು ನಿಮಿಷವೂ ಯೋಚಿಸದೆ ನೈನ್ ಒನ್ ಒನ್‌ಗೆ ಫೋನ್ ಮಾಡಿ ಆ್ಯಂಬುಲೆನ್ಸ್ ಕರೆಸಿ, ಮೆದುಳಿಗೆ ಕೊಡುವ ಮದ್ದಿಗೆ ಕೆಲವೇ ಗಂಟೆಗಳ ಗಡುವು ಎಂದು. ಹೂಂ ಹೂಂ ಎಂದಿದ್ದರು.

ಅವತ್ತು ಶನಿವಾರ. ನನಗೆ ಕಾಲೇಜಿನಲ್ಲಿ ಲ್ಯಾಬು. ಅಲ್ಲಿ ಫೋನ್ ಆಫ್ ಮಾಡಿ ಚೀಲದಲ್ಲಿಡಬೇಕು. ಊಟದ ಬಿಡುವಿನಲ್ಲಿ ಫೋನ್ ತೆರೆದಾಗ ಪಕ್ಕದ ಮನೆಯ ಸೊಸೆಯ ಮೆಸೇಜು ಇತ್ತು. ಒಂದು ವಿಡಿಯೋ. ಕೆಳಗೆ, 'ಅಕ್ಕಾ, ನಿಮ್ಮ ಪೇಷೆಂಟು ಇವತ್ತು ಬೆಳಗ್ಗೇನೇ ಶುರು ಮಾಡಿದ್ದಾರೆ', ಮತ್ತೆ ನಗುವ ಮುಖಗಳು.

ಅದನ್ನು ನಾನು ನೋಡಿದ್ದು ಕಾಲೇಜಿನ ಹೊರಗಿನ ಕಟ್ಟೆಯ ಮೇಲೆ ಕೂತು, ಡಬ್ಬಿಯ ಚಿತ್ರಾನ್ನ ತಿನ್ನುತ್ತಾ. ತಿಂಡಿಯ ಮೇಜು. ದೊಡ್ಡಪ್ಪ ಕುರ್ಚಿಯಲ್ಲಿ ಕೂತಿದ್ದಾರೆ. ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿದ್ದಾರೆ. ಬಲಗೈ ಇಳಿಯುತ್ತಿದೆ. ನಿಧಾನಕ್ಕೆ. ಅದು ಇಳಿಯುತ್ತಿರುವುದು ಅವರಿಗೇ ಗೊತ್ತಿಲ್ಲದ ಹಾಗೆ.

ಅಷ್ಟು ದಿನ ಎಷ್ಟು ಹೇಳಿಕೊಟ್ಟರೂ ಒಂದು ಸಲವೂ ಅವರು ಹಾಗೆ ಮಾಡಿರಲಿಲ್ಲ. ಅವರಿಗೆ ಹಾಗೆ ಮಾಡಲು ಬರುತ್ತಲೇ ಇರಲಿಲ್ಲ.

ವಿಡಿಯೋದಲ್ಲಿ ಅವರು ಕಣ್ಣು ಬಿಟ್ಟು ತಮ್ಮ ಕೈ ಎಲ್ಲಿದೆ ಎಂದು ನೋಡಿದರು. ಆಮೇಲೆ ಮಗನ ಕಡೆ ತಿರುಗಿ ಹೇಳಲು ನೋಡಿದರು. "ಚನ್... ಮದ್... ಮ... ಮ..." ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಮಗನ ದನಿ ಕೇಳಿಸಿತು: "ಅಪ್ಪಾಜಿ, ಸೂಪರ್! ಇವತ್ತು ಫಸ್ಟ್ ಕ್ಲಾಸ್ ಆ್ಯಕ್ಟಿಂಗು!" ಸೊಸೆ ನಕ್ಕಳು. ಮೊಮ್ಮಗ ಚಪ್ಪಾಳೆ ತಟ್ಟಿದ. ದೊಡ್ಡಪ್ಪ ಮತ್ತೊಮ್ಮೆ ಎರಡೂ ಕೈ ಎತ್ತಲು ಹೋದರು, ಎಡಗೈ ಮಾತ್ರ ಮೇಲೆ ಬಂತು. ಆ ಎಡಗೈ ಮುಷ್ಟಿ ಮಾಡಿ ಮೇಜನ್ನು ಗುದ್ದಿದರು. ಒಂದು ಸಲ. ಇನ್ನೊಂದು ಸಲ. ತಟ್ಟೆ ಹಾರಿತು. ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಅಲ್ಲಿಗೆ ವಿಡಿಯೋ ಮುಗಿಯಿತು.

ಅವರಿಗೆ ಗೊತ್ತಾಗಿತ್ತು. ಮಾತು ಕೈಕೊಟ್ಟಿತ್ತು, ಹಾಗಾಗಿ ತಮಗೆ ಗೊತ್ತಿದ್ದ ಇನ್ನೊಂದೇ ದಾರಿಯಲ್ಲಿ ಹೇಳಿದ್ದರು. ನಾನು ಹೇಳಿಕೊಟ್ಟಿದ್ದನ್ನೇ ತಮ್ಮ ಮೇಲೆ ತಾವೇ ಮಾಡಿ ತೋರಿಸಿ, ನೋಡ್ರಪ್ಪ, ನನಗೆ ಇದಾಗುತ್ತಿದೆ ಎಂದಿದ್ದರು. ಮೇಜು ಗುದ್ದಿ ಹೇಳಿದ್ದರು.

ಫೋನ್ ಮಾಡಿದೆ. ಸೊಸೆ ಎತ್ತಿದಳು.

"ದೊಡ್ಡಪ್ಪ ಎಲ್ಲಿ?"

"ಮಲಗಿದ್ದಾರೆ ಅಕ್ಕ. ತಿಂಡಿ ಆದ್ಮೇಲೆ ಸುಸ್ತು ಅನ್ನೋ ಹಾಗೆ ಸನ್ನೆ ಮಾಡಿದ್ರು. ಯಾಕೆ?"

"ಎಬ್ಬಿಸು. ಈಗ್ಲೇ ಹೋಗಿ ಎಬ್ಬಿಸು."

ಅವಳ ಚಪ್ಪಲಿಯ ಸದ್ದು, ಬಾಗಿಲ ಸದ್ದು, "ಮಾವಾ... ಮಾವಾ" ಎಂದು ಕರೆದದ್ದು. ಆಮೇಲೆ ಅವಳ ದನಿ ಬದಲಾಯಿತು. "ಅಕ್ಕಾ, ಕಣ್ಣು ಬಿಡ್ತಾರೆ, ಆದ್ರೆ ಮಾತಾಡ್ತಾ ಇಲ್ಲ. ಈ ಕೈ... ಈ ಕೈ ಹಿಡ್ಕೊಂಡ್ರೆ ಬಿದ್ದೋಗ್ತಿದೆ."

"ಫೋನ್ ಇಡು, ನೈನ್ ಒನ್ ಒನ್ ಮಾಡು. ಸ್ಟ್ರೋಕ್ ಅಂತ ಹೇಳು. ಬಾಯಿಗೆ ನೀರೂ ಹಾಕ್ಬೇಡ."

ಅಷ್ಟರಲ್ಲಿ ಮಗ ಫೋನ್ ಕಿತ್ತುಕೊಂಡ. "ನೀವು ಪ್ಯಾನಿಕ್ ಆಗ್ಬೇಡಿ. ನನ್ನ ಫ್ರೆಂಡ್ ಒಬ್ರು ಡಾಕ್ಟ್ರಿದ್ದಾರೆ, ಅವರಿಗೆ ಟ್ರೈ ಮಾಡ್ತೀನಿ."

"ಡಾಕ್ಟ್ರನ್ನ ಆಮೇಲೆ ಕೇಳಿ. ಮೊದ್ಲು ಆ್ಯಂಬುಲೆನ್ಸ್ ಕರೀರಿ."

"ಆ್ಯಂಬುಲೆನ್ಸ್ ಅಂದ್ರೆ ಫೈರ್ ಇಂಜಿನ್ ಎಲ್ಲಾ ಬರುತ್ತೆ, ಬೀದಿ ತುಂಬ ಸೀನ್ ಆಗುತ್ತೆ. ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಫಾಸ್ಟಾಗತ್ತೆ."

"ಆಗಲ್ಲ. ದಯವಿಟ್ಟು ಕೇಳಿ. ಯಾವ ಆಸ್ಪತ್ರೆ ಅಂತ ಅವರಿಗೆ ಗೊತ್ತಿರುತ್ತೆ, ದಾರೀಲೇ ಫೋನ್ ಮಾಡಿ ರೆಡಿ ಮಾಡಿಸಿರ್ತಾರೆ..."

ಅವನು ಫೋನ್ ಇಟ್ಟಿದ್ದ. ನಾನು ಲ್ಯಾಬಿಗೆ ಓಡಿ ನಮ್ಮ ಮೇಡಂಗೆ ಹೇಳಿದೆ. ಅವರು ತಡಮಾಡದೆ ಕಾಲೇಜಿನಿಂದಲೇ ಕರೆ ಮಾಡಿ ವಿಳಾಸ ಕೊಟ್ಟರು. ಆ್ಯಂಬುಲೆನ್ಸ್ ಕೆಲವೇ ನಿಮಿಷದಲ್ಲಿ ನಮ್ಮ ಬೀದಿಗೆ ಬಂತು. ಬಂದು, ಬೀಗ ಹಾಕಿದ ಮನೆಯ ಮುಂದೆ ನಿಂತಿತು.

ಅವರು ಆಗಲೇ ಹೊರಟಿದ್ದರು. ತಮ್ಮ ಇನ್ಶೂರೆನ್ಸಿಗೆ ಒಗ್ಗುವ ಆಸ್ಪತ್ರೆ ಎಂದು ದೂರದ್ದನ್ನು ಆರಿಸಿಕೊಂಡಿದ್ದರು. ಫ್ರೀವೇಯಲ್ಲಿ ಯಾವುದೋ ಅಪಘಾತವಾಗಿ ಟ್ರಾಫಿಕ್ ನಿಂತಿತ್ತು. ದೊಡ್ಡಪ್ಪ ಹಿಂದಿನ ಸೀಟಿನಲ್ಲಿ ಸೊಸೆಯ ಭುಜಕ್ಕೆ ಒರಗಿಕೊಂಡು ಆ ಟ್ರಾಫಿಕ್ಕಿನಲ್ಲಿ ಕೂತಿದ್ದರು. ಕೊನೆಗೆ ತಲುಪಿದ ಆಸ್ಪತ್ರೆಯಲ್ಲಿ ಪಾರ್ಶ್ವವಾಯುವಿಗೆ ಬೇಕಾದ ವ್ಯವಸ್ಥೆಯೇ ಇರಲಿಲ್ಲ. ಅಲ್ಲಿಂದ ಇನ್ನೊಂದಕ್ಕೆ ಸಾಗಿಸಿದರು. ಆ್ಯಂಬುಲೆನ್ಸಿನಲ್ಲೇ. ಅಷ್ಟರಲ್ಲಿ ಮದ್ದಿನ ಗಡುವು ಮುಗಿದಿತ್ತು.

ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಚ್ಚಿಕೊಂಡಿದೆ. ಬೀದಿಯವರು ನೋಡುತ್ತಾರೆ ಎಂದು! ಯಾವ ಬೀದಿ? ನಮ್ಮ ಬೀದಿಯಲ್ಲಿ ಹಗಲಲ್ಲಿ ಒಂದು ನರಪಿಳ್ಳೆಯೂ ಓಡಾಡುವುದಿಲ್ಲ. ನೋಡುವುದಾದರೆ ಆ ಎದುರು ಮನೆಯ ಹೆಂಗಸು. ಅವಳಾದರೋ ಹಿಂದೆ ಒಮ್ಮೆ, ನಾಟಕವನ್ನೇ ನಿಜವೆಂದು ನಂಬಿ ಫೋನ್ ಹಿಡಿದು ಓಡಿ ಬಂದವಳು.

ಆಸ್ಪತ್ರೆಗೆ ಹೋದೆ. ದೊಡ್ಡಪ್ಪನನ್ನು ನೋಡಲು ಬಿಡುವ ಮುಂಚೆ ಕಾರಿಡಾರಿನಲ್ಲಿ ಮಗ ಸಿಕ್ಕಿದ. ಕಣ್ಣು ಕೆಂಪಾಗಿತ್ತು. ಏನಾದರೂ ಸಮಾಧಾನ ಹೇಳೋಣವೆಂದೇ ಹತ್ತಿರ ಹೋದೆ.

"ನೀವು ಆ ಆಟ ಕಲಿಸದೆ ಇದ್ದಿದ್ರೆ ನಮಗೆ ಗೊತ್ತಾಗಿರೋದು," ಎಂದ. "ದಿನಾ ಅದೇ ಆಟ. ನಾವು ಹೇಗೆ ನಂಬಬೇಕು? ನೀವೇ ಹೇಳಿ."

"ಆಟ ಅಲ್ಲ ಅದು. ನಿಮಗೂ ಹೇಳಿಕೊಟ್ಟಿದ್ದೆ, ನೀವು ಕೇಳಿಸ್ಕೊಳ್ಳಲಿಲ್ಲ. ನಿಮ್ಮಪ್ಪ ಮೇಜು ಗುದ್ದಿ ಗುದ್ದಿ ಹೇಳಿದ್ರು. ನೀವು ಮಾರ್ಕ್ಸ್ ಕೊಟ್ಟು ಮಲಗಿಸಿದ್ರಿ. ನಾನು ಅಷ್ಟು ಬೇಡಿಕೊಂಡ್ರೂ ಫೋನ್ ಇಟ್ರಿ."

ನನ್ನ ದನಿ ಏರಿತ್ತು. ನರ್ಸ್ ಬಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು. ಸೊಸೆ ಗೋಡೆಗೊರಗಿ ಅಳುತ್ತಿದ್ದಳು. ಅವತ್ತು ದೊಡ್ಡಪ್ಪನನ್ನು ನೋಡಲಾಗಲಿಲ್ಲ. ಆಮೇಲೂ ಬರಬೇಡಿ ಎಂದು ಮಗ ನನ್ನ ಗಂಡನಿಗೆ ಫೋನ್ ಮಾಡಿ ಹೇಳಿದ, ಅಪ್ಪಾಜಿ ಎಮೋಷನಲ್ ಆಗುತ್ತಾರೆ ಎಂಬ ಕಾರಣ ಕೊಟ್ಟು. "ಬಿಟ್ಬಿಡು, ನೈಬರ್ಸು, ದಿನಾ ಮುಖ ನೋಡ್ಬೇಕು" ಎಂದರು ನನ್ನ ಗಂಡ. ನಾನು ಅವರ ಮೇಲೂ ರೇಗಿದೆ.

ಮಾತು ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಇಂಡಿಯನ್ ಗ್ರೋಸರಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ, ಒಂದೆರಡು ಸಲ ಮಾತ್ರ ಭೇಟಿಯಾಗಿದ್ದ ಹೆಂಗಸೊಬ್ಬಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಪಾಪ, ನಿಮ್ಮ ಪ್ರಾಕ್ಟೀಸ್ ಇಂದ ಹಾಗಾಯ್ತಂತೆ? ನೀವು ಬೇಜಾರು ಮಾಡ್ಕೋಬೇಡಿ" ಎಂದಳು. ಕರಿಬೇವನ್ನು ಅಲ್ಲೇ ಬಿಟ್ಟು ಬಂದೆ. ಮುಂದಿನ ಲ್ಯಾಬಿಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಅವನ ಮಾತು ನಿಜವೆಂದು ಒಪ್ಪಿಕೊಂಡು ಅಲ್ಲ. ಒಂದು ದಿನವೂ ಒಪ್ಪಿಕೊಂಡಿಲ್ಲ. ಆದರೆ ಬಿ.ಪಿ. ಪಟ್ಟಿಯನ್ನು ಮುಟ್ಟಿದರೆ ಮೈಯೆಲ್ಲ ಉರಿಯುತ್ತಿತ್ತು. ಈ ಜನಕ್ಕೆ ನಾನ್ಯಾಕೆ ಕಲಿಯಬೇಕು ಎನಿಸುತ್ತಿತ್ತು.

ದೊಡ್ಡಪ್ಪ ಮನೆಗೆ ಬಂದದ್ದು ಬಹಳ ವಾರಗಳ ನಂತರ, ಗಾಲಿಕುರ್ಚಿಯಲ್ಲಿ. ಬಿಸಿಲು ಬಂದಾಗ ಅವರನ್ನು ಹಿತ್ತಿಲಿನಲ್ಲಿ ಕೂರಿಸುತ್ತಿದ್ದರು. ನಮ್ಮ ಮಹಡಿಯ ಕಿಟಕಿಯಿಂದ ಅವರ ನೆತ್ತಿ ಮಾತ್ರ ಕಾಣುತ್ತಿತ್ತು. ಒಂದು ಮಧ್ಯಾಹ್ನ ಸೊಸೆ ನಮ್ಮ ಬಾಗಿಲು ತಟ್ಟಿದಳು.

"ಅವರು ಆಫೀಸಿಗೆ ಹೋಗಿದ್ದಾರೆ. ಬನ್ನಿ ಅಕ್ಕ," ಎಂದಳು. ನಾನು ಅಲ್ಲಾಡಲಿಲ್ಲ. "ನನ್ಮೇಲೆ ಎಷ್ಟಾದ್ರೂ ಸಿಟ್ಟು ಮಾಡ್ಕೊಳ್ಳಿ. ಮಾವನ್ನ ಒಂದ್ಸಲ ನೋಡಿ. ದಿನಾ ನಿಮ್ಮನೆ ಕಡೆ ಕೈ ತೋರಿಸ್ತಾರೆ."

ಹೋದೆ.

ದೊಡ್ಡಪ್ಪ ಇಳಿದು ಹೋಗಿದ್ದರು. ಬಲಗೈ ಮಡಿಲಲ್ಲಿ ಬೇರೆಯವರ ವಸ್ತುವಿನ ಹಾಗೆ ಬಿದ್ದಿತ್ತು. ಮಾತಿನಲ್ಲಿ ಉಳಿದದ್ದು ಒಂದೇ ಒಂದು ಪದ, ರೈಟ್. ಬಸ್ಸು ಹೊರಡಿಸಲು ಜೀವನವಿಡೀ ಕೂಗಿದ್ದದ್ದು. ನೀರು ಬೇಕೆಂದರೂ ರೈಟ್, ಬೇಡವೆಂದರೂ ರೈಟ್, ಮೊಮ್ಮಗ ಹತ್ತಿರ ಬಂದರೂ ರೈಟ್. ಹೀಗೆ ಒಂದೇ ಪದ ಉಳಿಯುವುದುಂಟೆಂದು ಪುಸ್ತಕದಲ್ಲಿ ಓದಿದ್ದೆ. ಓದುವುದು ಬೇರೆ.

ನಾನು ಎದುರಿಗೆ ಕೂತೆ. ಅವರು ನನ್ನನ್ನೇ ನೋಡಿದರು. ಆಮೇಲೆ ಎಡಗೈಯನ್ನು ನನ್ನ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ ಹಿಡಿದರು.

ನಾಡಿ ನೋಡು ಎಂದು.

"ಬೇಡ ದೊಡ್ಡಪ್ಪ. ನಾನು ಬಿಟ್ಬಿಟ್ಟೆ. ಹೋಗ್ತಾ ಇಲ್ಲ," ಎಂದೆ.

ಅವರ ಮುಖ ಗಂಟಿಕ್ಕಿತು. "ರೈಟ್!" ಎಂದು ಗದರಿದರು. ಕೈ ಹಿಂದಕ್ಕೆ ತೆಗೆಯಲಿಲ್ಲ, ಇನ್ನೂ ಮುಂದೆ ತಂದು ನನ್ನ ಮಂಡಿಗೆ ತಿವಿದರು. ನನಗೆ ಅವರ ಮೇಲೂ ಸಿಟ್ಟು ಬಂತು. ಈ ಸ್ಥಿತಿಯಲ್ಲೂ ಬೇರೆಯವರ ಪರೀಕ್ಷೆಯ ಚಿಂತೆ ಈ ಮನುಷ್ಯನಿಗೆ ಯಾಕೆ? ನನ್ನ ಮೇಲೆ, ತಮ್ಮ ಮನೆಯವರ ಮೇಲೆ ಕೂಗಾಡಬಾರದೇ? ಇನ್ನೊಂದು ಸಲ ಮೇಜು ಗುದ್ದಬಾರದೇ? ಆದರೂ ಮಣಿಕಟ್ಟು ಹಿಡಿದೆ. ನೀಲಗಿರಿ ಎಣ್ಣೆಯ ವಾಸನೆ ಬಂತು. ಸೊಸೆ ಮರೆಯದೆ ಹಚ್ಚುತ್ತಿದ್ದಳೆಂದು ಕಾಣುತ್ತದೆ. ಎಣಿಸಿ ಹೇಳಿದೆ. ದೊಡ್ಡಪ್ಪ ತಲೆಯಾಡಿಸಿ ಕಣ್ಣು ಮುಚ್ಚಿದರು. ಸಾಯುವ ಪಾರ್ಟೇನೂ ಮಾಡಲಿಲ್ಲ, ಸುಮ್ಮನೆ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಸೊಸೆ ಒಳಗೆ ಹೋಗಿಬಿಟ್ಟಳು.

ಮುಂದಿನ ಶನಿವಾರ ನಾನು ಲ್ಯಾಬಿಗೆ ಹೋದೆ. ಮೇಡಂ ಬೈದರು, ತಪ್ಪಿದ್ದನ್ನೆಲ್ಲ ಮತ್ತೆ ಮಾಡಿಸಿದರು. ಪಕ್ಕದ ಮನೆಗೂ ಹೋಗುತ್ತಲೇ ಇದ್ದೆ, ಮಗ ಇಲ್ಲದ ಹೊತ್ತು ನೋಡಿಕೊಂಡು, ಕಳ್ಳರ ಹಾಗೆ. ಅದಕ್ಕೂ ಸಿಟ್ಟು ಬರುತ್ತಿತ್ತು. ಆದರೆ ಅದೂ ಹೆಚ್ಚು ದಿನ ನಡೆಯಲಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಸಂಭಾಳಿಸಲು ಆಗುವುದಿಲ್ಲವೆಂದು ಮಗ ಅವರನ್ನು ಮಂಡ್ಯದಲ್ಲಿದ್ದ ತನ್ನ ಚಿಕ್ಕಪ್ಪನ ಮನೆಗೆ ಬಿಟ್ಟು ಬಂದ. ಹೊರಡುವ ದಿನ ನನಗೆ ಆಸ್ಪತ್ರೆಯಲ್ಲಿ ತರಬೇತಿಯಿತ್ತು. ಬಂದು ನೋಡಿದರೆ ಹಿತ್ತಿಲು ಖಾಲಿ...

ಅವರು ತೀರಿಕೊಂಡದ್ದು ನನಗೆ ತಿಳಿದಿದ್ದು ಎಲ್ಲರಿಗೂ ತಿಳಿದ ಹಾಗೆ, ನಮ್ಮ ಬಡಾವಣೆಯ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ. ಸಾಲಾಗಿ ಕೈಮುಗಿದ ಚಿತ್ರಗಳು. ಅದರ ಕೆಳಗೆ ಯಾರೋ ತಮ್ಮ ಹಳೆಯ ಸೋಫಾ ಮಾರಾಟಕ್ಕಿದೆ ಎಂದು ಹಾಕಿದ್ದರು.

ತಿಥಿ ಮುಗಿಸಿ ಬಂದ ಮಗ ಒಂದು ಸಂಜೆ ನಮ್ಮ ಮನೆಯ ಕರೆಗಂಟೆ ಒತ್ತಿದ. ತಲೆ ಬೋಳಿಸಿದ್ದ. ಕಾರಿಡಾರಿನ ಜಗಳದ ನಂತರ ನಾವು ಎದುರುಬದುರು ನಿಂತದ್ದು ಅದೇ ಮೊದಲು. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ.

"ಒಂದು ವಿಷಯ ಕೇಳ್ಬೇಕಿತ್ತು," ಎಂದ. "ಊರಲ್ಲಿ ಅಪ್ಪಾಜಿ, ನೋಡೋಕೆ ಬಂದೋರಿಗೆಲ್ಲ ಕೈ ಚಾಚ್ತಿದ್ರಂತೆ. ಹೀಗೆ. ಏನೋ ಬೇಕು ಅಂತಾರೆ ಅಂದ್ಕೊಂಡು ಯಾರೋ ಬಿಸ್ಕೆಟ್ ಕೊಡೋರಂತೆ, ಯಾರೋ ಕೈ ಕುಲುಕೋರಂತೆ. ಸಿಟ್ಟು ಮಾಡ್ಕೊಳ್ತಿದ್ರಂತೆ. ಕೊನೆವರೆಗೂ ಯಾರಿಗೂ ಅರ್ಥ ಆಗಲಿಲ್ಲ. ನಿಮಗೇನಾದ್ರೂ ಗೊತ್ತಾ?"

ನನಗೆ ಗೊತ್ತಿತ್ತು. ಹೇಳದೆ ಬಾಗಿಲು ಹಾಕಬಹುದಿತ್ತು. ಒಂದು ಗಳಿಗೆ ಹಾಗೆ ಮಾಡಬೇಕೆಂದೇ ಅನಿಸಿತು. ಕೊನೆಗೆ ಹೇಳಿದೆ. ನಾಡಿ ನೋಡಲಿ ಎಂದು ಚಾಚುತ್ತಿದ್ದರು, ಅಷ್ಟೇ. ಎರಡು ಬೆರಳಿಟ್ಟಿದ್ದರೆ ಸಾಕಿತ್ತು, ಎಣಿಸಲು ಬರದಿದ್ದರೂ ನಡೆಯುತ್ತಿತ್ತು ಎಂದೆ.

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ಸಣ್ಣ ಮಗುವಿನ ಹಾಗೆ ಅತ್ತ. "ಸಾರಿ" ಎಂದ. ನನಗೆ ಹೇಳಿದನೋ ಅಪ್ಪನಿಗೆ ಹೇಳಿದನೋ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಭುಜದ ಮೇಲೆ ಕೈ ಇಡಬೇಕೆಂದು ನಮಗೆ ಕೋರ್ಸಿನಲ್ಲೇ ಕಲಿಸಿದ್ದಾರೆ. ದಿನವೂ ಗುರುತಿಲ್ಲದವರ ಭುಜದ ಮೇಲೆ ಇಡುತ್ತೇನೆ. ಅವತ್ತು ಇಡಲಿಲ್ಲ. ಅವನು ಎದ್ದು ಹೋಗುವವರೆಗೂ ಬಾಗಿಲು ಹಿಡಿದು ನಿಂತಿದ್ದೆ.

ಈಗ ಅವರು ಮಾರ್ಗನ್ ಹಿಲ್‌ಗೆ ಮನೆ ಬದಲಾಯಿಸಿದ್ದಾರೆ. ಹಬ್ಬದ ಸಮಾರಂಭಗಳಲ್ಲಿ ಸಿಗುತ್ತಾರೆ. ಸೊಸೆ ಬಂದು ಕೈ ಹಿಡಿದು ಮಾತಾಡುತ್ತಾಳೆ, ಅವನು ದೂರದಿಂದ ತಲೆಯಾಡಿಸುತ್ತಾನೆ. ಅವನು ಕೆಟ್ಟವನಲ್ಲ, ನನಗೆ ಗೊತ್ತು. ಅಪ್ಪನನ್ನು ಪ್ರೀತಿಸುತ್ತಿದ್ದ, ಅದೂ ಗೊತ್ತು. ಅದೆಲ್ಲ ಗೊತ್ತಿದ್ದೂ ಸಿಟ್ಟು ಕಡಿಮೆಯಾಗುವುದಿಲ್ಲ.

ಮೊನ್ನೆ ಭಾನುವಾರ ನಮ್ಮ ಕನ್ನಡದವರ ಗುಂಪು ಒಂದು ಹಾಲ್‌ನಲ್ಲಿ ತುರ್ತು ಚಿಕಿತ್ಸೆಯ ತರಗತಿ ಇಟ್ಟುಕೊಂಡಿತ್ತು. ನನ್ನನ್ನೇ ಕರೆದಿದ್ದರು. ಹಿಂದೆ ಆ್ಯಂಬುಲೆನ್ಸ್ ಓಡಿಸಲು ಕಾಲೇಜಿದೆಯಾ ಎಂದು ಕೇಳಿದವರೇ ಹೂಗುಚ್ಛ ಕೊಟ್ಟರು. ವ್ಯವಸ್ಥಾಪಕರು ಕಿವಿಯಲ್ಲಿ, "ಸ್ವಲ್ಪ ಲೈಟಾಗಿ ಇರ್ಲಿ, ಜನ ಹೆದ್ರಬಾರದು" ಎಂದರು. ನಾನು ಲೈಟಾಗಿ ಹೇಳಲಿಲ್ಲ. ಯಾಕೆ ಕಾರಿನಲ್ಲಿ ಒಯ್ಯಬಾರದು, ಯಾಕೆ ಮಲಗಿಸಬಾರದು, ಯಾಕೆ ಬೀದಿಯವರ ಮುಖ ನೋಡಬಾರದು ಎಂದು ಒಂದೊಂದನ್ನೂ ಬೈದಂತೆಯೇ ಹೇಳಿದೆ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ, ಮಾಡಿ ತೋರಿಸುತ್ತೇನೆ, ಯಾರಾದರೂ ಒಬ್ಬರು ಬಂದು ರೋಗಿಯ ಹಾಗೆ ಇಲ್ಲಿ ಮಲಗಿ ಎಂದೆ.

ಹಾಲ್ ತುಂಬ ಜನರಿದ್ದರು. ಕೆಲವರು ನಕ್ಕರು. ಕೆಲವರು ಪಕ್ಕದವರನ್ನು ಮೊಣಕೈಯಲ್ಲಿ ತಿವಿದರು. ಒಬ್ಬರು ಬಟ್ಟೆ ಕೊಳೆಯಾಗುತ್ತದೆ ಎಂದರು. ಹೆಚ್ಚಿನವರು ಫೋನ್ ನೋಡತೊಡಗಿದರು. ನಾನು ಕಾಯುತ್ತಾ ನಿಂತೆ. ಯಾರೂ ಏಳಲಿಲ್ಲ.